ಹ್ಯಾನೋವರನ್ನು ಮಲಗಿಸಿದ ಸಂಜೆ

ಹೋದ ಭಾನುವಾರ ಮೇಘನಾ ಫೋನ್ ಮಾಡಿದ್ದಳು. ಹಾಸನದ ಹುಡುಗಿ. ಗಂಡ ಇಲ್ಲೇ ಹ್ಯಾನೋವರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಬಂದ ಹೊಸತರಲ್ಲಿ ಮನೆಯಲ್ಲೇ ಕೂತು ಬೇಜಾರಾಗಿ, ಜರ್ಮನ್ ಕಲಿತು, ತರಬೇತಿ ಮುಗಿಸಿ, ಈಗ ಒಂದು ಕೀಟಾದಲ್ಲಿ ಟೀಚರಾಗಿ ಸೇರುತ್ತಿದ್ದಾಳೆ. ಕೀಟಾ ಅಂದರೆ ಇಲ್ಲಿಯ ಶಿಶುವಿಹಾರ.

"ಆಂಟಿ, ನಾಳೆಯಿಂದ ಜಾಯಿನಿಂಗು. ನೀವು ಇಷ್ಟು ವರ್ಷ ಮಾಡಿದೀರಲ್ಲ, ಏನಾದ್ರೂ ಟಿಪ್ಸ್ ಕೊಡಿ."

"ಮೊದಲು ಒಂದು ಒಳ್ಳೇ ಶೂ ತಗೋ."

"ಅಯ್ಯೋ, ಸೀರಿಯಸ್ಸಾಗಿ ಹೇಳಿ ಆಂಟಿ."

"ಸೀರಿಯಸ್ಸಾಗೇ ಹೇಳ್ತಿದೀನಿ ಕಣಮ್ಮ."

ಅವಳು ನಗುತ್ತಾ ಫೋನಿಟ್ಟಳು. ನನಗೆ ಮಾತ್ರ ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಒಗ್ಗರಣೆ ಡಬ್ಬಿ ತೊಳೆದಿಟ್ಟೆ, ಬಾಲ್ಕನಿ ಗುಡಿಸಿದೆ, ತೊಳೆದ ಡಬ್ಬಿಯನ್ನೇ ಮತ್ತೆ ಒರೆಸಿದೆ. ನಮ್ಮವರು ಪೇಪರಿನಿಂದ ತಲೆ ಎತ್ತಿ, "ಅದೇನು ಹೇಳ್ಬೇಕೋ ಬರೆದು ಕಳಿಸ್ಬಿಡೇ, ಆ ಡಬ್ಬಿ ಸವೆದುಹೋಗತ್ತೆ" ಅಂದರು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಮೇಘನಾಳಂಥ ಇನ್ನೂ ಕೆಲವರು ಓದಿಕೊಂಡರೆ ಸಂತೋಷ.

ನಾನು ದೊಡ್ಡ ಓದು ಓದಿದವಳಲ್ಲ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಮದುವೆಯಾಗಿ, ಮನೆ, ಮಗಳು, ದೇವರ ಪೂಜೆ ಅಂದುಕೊಂಡು ಇದ್ದವಳು. ನಮ್ಮವರ ಕೆಲಸದ ಬೆನ್ನಿಗೆ ಈ ದೇಶಕ್ಕೆ ಬಂದೆ. ಮಗಳು ಅಪೂರ್ವ ಕೀಟಾಕ್ಕೆ ಹೋಗುತ್ತಿದ್ದಾಗ ಅಲ್ಲಿ ಕೈ ಸಾಲದೆ ಹೋದರೆ ಕರೆಯುತ್ತಿದ್ದರು, ಹೋಗಿ ಮಕ್ಕಳ ಮೂಗು ಒರೆಸಿ ಬರುತ್ತಿದ್ದೆ. ಅದೇ ಬೆಳೆಯಿತು. ಸಂಜೆ ಕ್ಲಾಸಿಗೆ ಹೋಗಿ ಪರೀಕ್ಷೆ ಪಾಸು ಮಾಡಿ ಸಹಾಯಕ ಟೀಚರ್ ಆದೆ. ಮಗಳು ದೊಡ್ಡವಳಾಗಿ ಹಾಂಬುರ್ಗಿಗೆ ಹೋದಳು, ನಾನು ಅದೇ ಕೀಟಾದಲ್ಲಿ ಉಳಿದೆ. ಈಗಲೂ ಯಾರಾದರೂ ಕೇಳಿದರೆ ಮೊದಲು ಗೃಹಿಣಿ ಅಂತಲೇ ಹೇಳಿಕೊಳ್ಳುವುದು. ಆ ಕೆಲಸದಿಂದ ನಿವೃತ್ತಿ ಇಲ್ಲವಲ್ಲ.

ಸೇರಿದ ಹೊಸತರಲ್ಲೇ ಒಂದು ಎಡವಟ್ಟು ಮಾಡಿಕೊಂಡೆ. ಮಧ್ಯಾಹ್ನದ ಊಟಕ್ಕೆ ಒಂದು ಮಗು ಆಲೂಗಡ್ಡೆ ಮುಟ್ಟದೆ ಸುಮ್ಮನೆ ಕೂತಿತ್ತು. ನನ್ನ ಕೈ ಕೇಳಲಿಲ್ಲ. ಆಲೂಗಡ್ಡೆ ಹಿಸುಕಿ ಬೆಣ್ಣೆ ಕಲಸಿ ತುತ್ತು ಮಾಡಿ ಬಾಯಿಗಿಟ್ಟೆ. ಮಗು ತಿಂದಿತು. ಪಕ್ಕದ್ದೂ ಬಾಯಿ ತೆರೆಯಿತು. ತಿರುಗಿ ನೋಡುವಷ್ಟರಲ್ಲಿ ಇಡೀ ಮೇಜು ಬಾಯಿ ತೆರೆದುಕೊಂಡು ಕೂತಿದೆ. ಗಾಜಿನ ಬಾಗಿಲಾಚೆ ನಮ್ಮ ಮುಖ್ಯಸ್ಥೆ ಫ್ರೌ ಲೂಡರ್ಸ್, ನಮ್ಮ ಮಾತಲ್ಲಿ ಶ್ರೀಮತಿ ಲೂಡರ್ಸ್, ನಿಂತಿದ್ದರು. ಉದ್ದನೆಯ ಹೆಂಗಸು, ಗಿಡ್ಡ ಕೂದಲು, ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡುವವರಲ್ಲ.

"ಫ್ರೌ ರಾವ್, ಇವು ಹಕ್ಕಿ ಮರಿಗಳಲ್ಲ" ಎಂದರು.

ಇಲ್ಲಿ ಮಗು ತಾನೇ ತಿನ್ನಬೇಕು, ತಿನ್ನದಿದ್ದರೆ ಹಸಿವನ್ನು ತಾನೇ ತಿಳಿಯಬೇಕು. ಒತ್ತಾಯ ಕೂಡದು. ನನಗೆ ಇದು ಕಲ್ಲು ಮನಸ್ಸು ಅನ್ನಿಸಿತ್ತು. ಬರಬರುತ್ತಾ ಅದರಲ್ಲೂ ಒಂದು ಮರ್ಯಾದೆ ಇದೆ ಅಂತ ಕಂಡಿತು. ಆದರೂ ಮೇಘನಾ, ಅದನ್ನು ಕಲಿಯುವ ತನಕ ನಿನ್ನ ಬಲಗೈ ನಿನ್ನ ಮಾತು ಕೇಳುವುದಿಲ್ಲ, ಹೇಳಿರುತ್ತೇನೆ.

ಗುರುವಾರಗಳು ನನಗೆ ಬಂದದ್ದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ಪ್ರತಿ ಗುರುವಾರ ದೊಡ್ಡ ಮಕ್ಕಳ ಗುಂಪನ್ನು ಕರೆದುಕೊಂಡು ಊರು ತೋರಿಸಬೇಕು. ಅರಮನೆಯ ತೋಟ, ಮ್ಯೂಸಿಯಂ, ಕೆರೆ, ಹಳೇ ಪೇಟೆ. ಟ್ರಾಮ್ ಹತ್ತಿಸಿ ಇಳಿಸಬೇಕು, ಮಳೆಯಲ್ಲಿ ಒಂದೊಂದು ಕೈಗೂ ಗ್ಲೌಸು ಹುಡುಕಬೇಕು. ಸಹೋದ್ಯೋಗಿಗಳಿಗೆಲ್ಲ ಗುರುವಾರ ಬಂತೆಂದರೆ ಸೊಂಟ ನೋವು ಶುರುವಾಗುತ್ತಿತ್ತು.

"ನಾನು ಹೊರದೇಶದವಳು, ನನಗೆ ಈ ಊರೇ ಗೊತ್ತಿಲ್ಲವಲ್ಲ" ಎಂದೆ.

"ಒಳ್ಳೆಯದಾಯಿತು. ಮಕ್ಕಳಿಗೂ ಗೊತ್ತಿಲ್ಲ" ಎಂದರು ಫ್ರೌ ಲೂಡರ್ಸ್.

ಗುರುವಾರ ರಾಯರ ವಾರ, ನನಗೆ ಒಂದೇ ಹೊತ್ತು ಊಟ. ಹೊಟ್ಟೆ ಖಾಲಿ ಇದ್ದರೆ ಕಾಲು ಹಗುರ, ರಾಯರೇ ನೋಡಿ ಕೊಟ್ಟಿದ್ದಾರೆ ಅಂದುಕೊಂಡೆ.

ಮಕ್ಕಳನ್ನು ಎಲ್ಲಾದರೂ ಕಳೆದುಬಿಟ್ಟರೆ ಎಂಬ ಹೆದರಿಕೆಗೆ ಹಿಂದಿನ ಶನಿವಾರವೇ ಹೋಗಿ ದಾರಿ ನೋಡಿಕೊಂಡು ಬರುತ್ತಿದ್ದೆ. ಹ್ಯಾನೋವರಿನಲ್ಲಿ ಒಂದು ಅನುಕೂಲವಿದೆ. ಊರಿನ ನಡುವೆ ಕಾಲುದಾರಿಯ ಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ ಎಳೆದಿದ್ದಾರೆ. ಅದನ್ನೇ ಹಿಡಿದು ನಡೆದರೆ ನೋಡಬೇಕಾದ ಜಾಗಗಳೆಲ್ಲ ಒಂದೊಂದಾಗಿ ಸಿಗುತ್ತವೆ. ನಮ್ಮವರು ಶನಿವಾರದ ನಿದ್ದೆ ಬಿಟ್ಟು ಗೊಣಗಿಕೊಂಡು ಜೊತೆಗೆ ಬರುತ್ತಿದ್ದರು.

"ರೀ, ಗೆರೆ ಬಿಟ್ಟು ಆಕಡೆ ಹೋಗ್ಬೇಡಿ."

"ಇದೇನು ಲಕ್ಷ್ಮಣರೇಖೆನಾ? ಅಲ್ಲಿ ಬಿಸಿ ಕಾಫಿ ಕೊಡ್ತಿದಾನೆ ಕಣೇ."

"ಆಮೇಲೆ ಕುಡೀವ್ರಂತೆ. ಇಲ್ಲಿಂದ ಮುಂದಿನ ಸಿಗ್ನಲ್‌ಗೆ ಮಕ್ಕಳ ಹೆಜ್ಜೆಲಿ ಎಷ್ಟು ಹೊತ್ತಾಗತ್ತೆ ನೋಡ್ಬೇಕು. ಸಣ್ಣ ಸಣ್ಣ ಹೆಜ್ಜೆ ಹಾಕಿ."

ಪಾಪ, ಆ ಕೋಟು ಹ್ಯಾಟಿನಲ್ಲಿ ಸಣ್ಣ ಸಣ್ಣ ಹೆಜ್ಜೆ ಹಾಕಿದ್ದಾರೆ. ಅಂಥ ಗಂಡ ಸಿಕ್ಕಿದ್ದು ಒಂದು ಪುಣ್ಯ ಅಂತ ಲೆಕ್ಕಕ್ಕೆ ಹಿಡಿದಿದ್ದೇನೆ.

ಇಷ್ಟು ತಯಾರಿ ಮಾಡಿಕೊಂಡರೂ ಒಂದು ಗುರುವಾರ ಟ್ರಾಮ್ ಇಳಿದು ನೋಡುತ್ತೇನೆ, ಗೆರೆಯೇ ಇಲ್ಲ. ಹಿಮ ಬಿದ್ದು ಎಲ್ಲ ಬೆಳ್ಳಗಾಗಿದೆ. ಆ ಬೆಳ್ಳನೆಯ ಬೀದಿಯಲ್ಲಿ ಎಲ್ಲ ಮನೆಗಳೂ ಒಂದೇ ಥರ ಕಾಣುತ್ತಿದ್ದವು. ಯೋನಾಸ್ ಅಂತ ಒಬ್ಬ ಬಾಯಾಳಿ ಹುಡುಗನಿದ್ದ. ಅವನು ಬೂಟಿನಿಂದ ಹಿಮ ಕೆರೆಯತೊಡಗಿದ. ಎಲ್ಲ ಮಕ್ಕಳೂ ಕೋಳಿಗಳ ಹಾಗೆ ಕೆರೆದವು. ಸ್ವಲ್ಪ ಹೊತ್ತಿಗೆ ಒಂದು ಕಡೆ ಕೆಂಪು ಕಂಡಿತು. ಮುಂದೆ ಹತ್ತು ಹೆಜ್ಜೆಗೊಮ್ಮೆ ಕೆರೆದು ಕೆರೆದು ಹಳೇ ಪೇಟೆ ತಲುಪಿದೆವು. ಅವತ್ತು ಚರ್ಚು, ಗಡಿಯಾರ ಏನೂ ನೋಡಲಾಗಲಿಲ್ಲ. ಆದರೆ ಮಕ್ಕಳು ವರ್ಷವೆಲ್ಲ ಹೇಳಿಕೊಂಡು ತಿರುಗಿದ್ದು ಅದೇ ಗುರುವಾರವನ್ನು.

ಮ್ಯೂಸಿಯಮ್ಮಿನ ಕಥೆ ಇನ್ನೊಂದು. ಕೆರೆಯ ಹತ್ತಿರ ಹೊಸ ಕಾಲದ ಚಿತ್ರಗಳ ದೊಡ್ಡ ಮ್ಯೂಸಿಯಂ ಇದೆ. ಒಂದು ಕೋಣೆಯಲ್ಲಿ ಗೋಡೆ ತುಂಬ ಒಂದೇ ನೀಲಿ ಚಿತ್ರ, ಎದುರಿಗೆ ಮಬ್ಬು ಬೆಳಕು, ಒಂದು ಸದ್ದಿಲ್ಲ. ಗರ್ಭಗುಡಿ ಹೊಕ್ಕ ಹಾಗಾಯಿತು. ನನಗೇ ತಿಳಿಯದೆ ಬಾಗಿಲಲ್ಲಿ ಶೂ ಬಿಚ್ಚಿದೆ. ಕೀಟಾದಲ್ಲೂ ಮಕ್ಕಳು ಬಂದ ಕೂಡಲೇ ಬೂಟು ಬಿಚ್ಚಿ ಮನೆ ಚಪ್ಪಲಿ ಹಾಕಿಕೊಳ್ಳುವ ರೂಢಿಯವರೇ. ಟೀಚರ್ ಬಿಚ್ಚಿದರೆಂದು ಅವರೂ ಬಿಚ್ಚಿದರು. ಕಾವಲಿನವನು ಬಂದು ನೋಡಿದರೆ ಬಾಗಿಲಲ್ಲಿ ಸಾಲಾಗಿ ಕೆಸರು ಬೂಟುಗಳು, ಒಳಗೆ ಚಿತ್ರದ ಮುಂದೆ ಕಾಲುಚೀಲದಲ್ಲಿ ಒಂದು ಗುಂಪು. ಅವನು ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ಯೋನಾಸ್ ಕೇಳಿದ: "ನಿಮ್ಮನೆಲಿ ನಮಗೆ ಹಾಕ್ಕೊಳ್ಳೋಕೆ ಚಪ್ಪಲಿ ಇಲ್ವಾ?"

ಮೊದಮೊದಲು ನಾನು ಇಸವಿ, ಹೆಸರು ಎಲ್ಲ ಬಾಯಿಪಾಠ ಮಾಡಿಕೊಂಡು ಹೋಗಿ ಒಪ್ಪಿಸುತ್ತಿದ್ದೆ. ಮಕ್ಕಳು ಆಕಳಿಸುತ್ತಿದ್ದರು. ಆಮೇಲೆ ಅದನ್ನೆಲ್ಲ ಬಿಟ್ಟೆ. ನದಿ ದಡದಲ್ಲಿ ಮೈತುಂಬ ಬಣ್ಣ ಬಳಿದುಕೊಂಡ ಮೂರು ದಪ್ಪ ದಪ್ಪ ಹೆಂಗಸರ ಮೂರ್ತಿಗಳಿವೆ, ಕುಣಿಯುವ ಭಂಗಿ, ಬೆಟ್ಟದಂಥ ತೊಡೆ. ಊರವರು ಒಂದು ಕಾಲದಲ್ಲಿ ಅಸಹ್ಯ ಅಂತ ಜಗಳವಾಡಿದ್ದರಂತೆ. ನನಗೆ ನೋಡಿದ ಕೂಡಲೇ ನಮ್ಮ ಕಡೆಯ ಮಾರಿಗುಡಿ ಅಮ್ಮಂದಿರ ಕಳೆ ಕಂಡಿತು. ಮಕ್ಕಳಿಗೆ "ಇವರಲ್ಲಿ ಯಾರಿಗೆ ಜಾಸ್ತಿ ಹಸಿವು?" ಎಂದು ಕೇಳಿದೆ. ಅಷ್ಟೇ. ಅರ್ಧ ದಿನ ಮಾತಾಡಿದರು. ವಾಪಸ್ ಬಂದ ಮೇಲೆ ನೋಡಿದ್ದನ್ನು ಜೇಡಿಮಣ್ಣಿನಲ್ಲಿ ಮಾಡಿಸುವುದು ರೂಢಿಯಾಯಿತು. ಈಗ ಅದೆಲ್ಲ ಫೋಟೋ ತೆಗೆದು ತಂದೆತಾಯಿಯರ ಆ್ಯಪಿಗೆ ಹಾಕಬೇಕು. ಹಾಕು, ಬೇಡ ಅನ್ನುವುದಿಲ್ಲ. ಮಗು ಏನನ್ನಾದರೂ ಮೊದಲ ಸಲ ನೋಡುತ್ತಿರುವಾಗ ನಿನ್ನ ಮುಖ ಫೋನಿನಲ್ಲಿರುವುದು ಬೇಡ, ಅಷ್ಟೇ ನನ್ನ ಮಾತು.

ಇನ್ನು ದಾರೀನಾಳ ವಿಷಯ. ಡಬ್ಬಿ ಒರೆಸುವಾಗ ತಲೆಯಲ್ಲಿದ್ದದ್ದು ಅವಳೇ.

ನನ್ನ ಕೆಲಸದ ಕೊನೆಯ ವರ್ಷಗಳವು. ಉಕ್ರೇನಿನಿಂದ ತಾಯಿ ಮಗಳು ಬಂದರು. ತಾಯಿ ಓಕ್ಸಾನಾ, ಊರಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದವಳು. ಮಗಳಿಗೆ ಐದು ತುಂಬಿರಲಿಲ್ಲ. ಮಾತಿಲ್ಲ. ತಮ್ಮ ಭಾಷೆಯಲ್ಲಿ ತಾಯಿಯ ಕಿವಿಗೆ ಪಿಸುಗುಡುವುದು ಬಿಟ್ಟರೆ ಯಾರೊಂದಿಗೂ ಒಂದಕ್ಷರವಿಲ್ಲ. ತಾಯಿಯ ಕೋಟಿನ ಬೆಲ್ಟು ಕೈಯಲ್ಲಿ ಸುತ್ತಿಕೊಂಡು ನಿಂತಿರುತ್ತಿದ್ದಳು. ತಾಯಿ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರೆ ಉಸಿರು ಕಟ್ಟಿದಂತೆ ಅಳು. ಹೊಸ ಮಗುವಿನ ಜೊತೆ ಕೆಲವು ದಿನ ತಾಯಿ ಕೂರುವುದು ಇಲ್ಲಿಯ ಕ್ರಮವೇ. ಓಕ್ಸಾನಾ ಮಾತ್ರ ಬೇಸಿಗೆಯೆಲ್ಲ ನಮ್ಮ ಪಡಸಾಲೆಯ ಪುಟ್ಟ ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿಕೊಂಡು ಕೂತಳು.

ಒಂದು ದಿನ ಫ್ರೌ ಲೂಡರ್ಸ್ ನನ್ನನ್ನು ಕರೆದರು.

"ಶರತ್ಕಾಲದ ರಜೆಯ ತನಕ ನೋಡುತ್ತೇನೆ. ಅಷ್ಟರಲ್ಲಿ ಮಗು ತಾಯಿಯನ್ನು ಬಿಟ್ಟಿರದಿದ್ದರೆ ಈ ಜಾಗ ಕಾಯುತ್ತಿರುವ ಬೇರೆ ಮಗುವಿಗೆ ಹೋಗುತ್ತದೆ."

"ತಾಯಿಗೆ ಅಕ್ಟೋಬರಿನಲ್ಲಿ ಭಾಷೆಯ ಕೋರ್ಸ್ ಶುರುವಾಗುತ್ತೆ. ಇಲ್ಲಿ ಜಾಗ ಹೋದರೆ ಕೋರ್ಸೂ ಹೋಯಿತು."

"ನನಗೆ ಗೊತ್ತು ಫ್ರೌ ರಾವ್. ಕಾಯುತ್ತಿರುವ ತಾಯಂದಿರೂ ದಿನಾ ಫೋನ್ ಮಾಡುತ್ತಾರೆ, ಅವರೂ ಅಳುತ್ತಾರೆ."

ಅವರು ಕೆಟ್ಟವರಾಗಿದ್ದರೆ ಬೈದುಕೊಳ್ಳಬಹುದಿತ್ತು. ಆ ಅನುಕೂಲವೂ ಇರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಒದ್ದಾಟ. ಚಪಾತಿ ಲಟ್ಟಿಸುತ್ತಾ ಎದ್ದು ಹೋಗಿ ಕ್ಯಾಲೆಂಡರ್ ನೋಡುವುದು, ಜಪಕ್ಕೆ ಕೂತರೆ ಮಣಿ ತಪ್ಪುವುದು. ನಮ್ಮವರಿಗೆ ಸಾಕಾಯಿತು.

"ರಾಯರಿಗೆ ಬಿಟ್ಬಿಡೇ. ನೋಡ್ಕೋತಾರೆ."

"ರಾಯರಿಗೆ ಯಾವಾಗ್ಲೋ ಬಿಟ್ಟಿದೀನಿ ರೀ. ಈ ಕಾಲೇ ಬಿಡ್ತಿಲ್ಲ."

ಗುರುವಾರದ ತಿರುಗಾಟಕ್ಕೆ ತಾಯಿಯನ್ನೂ ಕರೆದುಕೊಂಡೆ. ಸೆಪ್ಟೆಂಬರಿನಲ್ಲಿ ಒಂದು ದಿನ ಕೆಂಪು ಗೆರೆ ನಮ್ಮನ್ನು ನಗರಸಭೆಯ ದೊಡ್ಡ ಕಟ್ಟಡಕ್ಕೆ ಒಯ್ದಿತು. ಅದರ ಹಜಾರದಲ್ಲಿ ಇಡೀ ಹ್ಯಾನೋವರ್ ಊರಿನ ಮಾದರಿಗಳನ್ನು ಇಟ್ಟಿದ್ದಾರೆ. ಕೋಟೆ ಇದ್ದ ಕಾಲದ್ದು, ಯುದ್ಧಕ್ಕೆ ಮುಂಚಿನದ್ದು, ಯುದ್ಧ ಮುಗಿದಾಗಿನದ್ದು, ಈಗಿನದ್ದು. ಯುದ್ಧ ಮುಗಿದಾಗಿನದರಲ್ಲಿ ಮನೆಗಳಿಗೆ ಸೂರಿಲ್ಲ, ಗೋಡೆಗಳು ಮುರಿದ ಹಲ್ಲುಗಳ ಹಾಗೆ ನಿಂತಿವೆ. ನಾನು ಎಷ್ಟೋ ಸಲ ನೋಡಿದ್ದೆ. ಆ ಮಗು ಜೊತೆಗಿದ್ದಾಳೆ ಅನ್ನುವುದು ಒಳಗೆ ಹೊಕ್ಕ ಮೇಲೆ ತಲೆಗೆ ಬಂತು.

"ಯಾರು ಒಡೆದುಹಾಕಿದ್ದು?" ಎಂದಳು ಯೋನಾಸನ ತಂಗಿ, ಅವಳೂ ಅಣ್ಣನ ಹಾಗೇ ಬಾಯಾಳಿ. ಮಿಲಾ ಅಂತ.

"ಯುದ್ಧದಲ್ಲಿ ಮೇಲಿಂದ ಬಾಂಬ್ ಹಾಕಿದರು."

"ಆಮೇಲೆ?"

"ಆಮೇಲೆ ಮತ್ತೆ ಕಟ್ಟಿದರು. ಇಲ್ಲಿ ನೋಡು."

ದಾರೀನಾ ಒಡೆದ ಊರಿನ ಮುಂದೆ ನಿಂತಳು. ತಾಯಿಯ ಬೆಲ್ಟು ಹಿಡಿದೇ ಈಗಿನ ಊರಿಗೆ ಹೋದಳು, ಮತ್ತೆ ಒಡೆದ ಊರಿಗೆ ಬಂದಳು. ಹಾಗೆ ಹೋಗಿ ಬಂದು ಮಾಡುತ್ತಲೇ ಇದ್ದಳು. ಒಂದು ಸಲ ಬೆಲ್ಟು ಕೈ ಜಾರಿತು. ಅವಳಿಗೆ ತಿಳಿಯಲೇ ಇಲ್ಲ. ಓಕ್ಸಾನಾ ಮುಖ ಆಚೆ ತಿರುಗಿಸಿಕೊಂಡಿದ್ದಳು.

ಅವತ್ತು ಮಧ್ಯಾಹ್ನ ಮೊದಲ ಸಲ ಆ ಮಗು ಮಣ್ಣು ಮುಟ್ಟಿತು. ದುಂಡನೆಯ ಮೈ, ತಲೆಗೆ ಬಟ್ಟೆ ಕಟ್ಟಿದ ಒಂದು ಹೆಂಗಸು. ನದಿ ದಡದ ದಪ್ಪ ಹೆಂಗಸು ಅಂದುಕೊಂಡು ನಾನು ಬಣ್ಣದ ಬಟ್ಟಲು ಮುಂದಿಟ್ಟೆ. ಅವಳು ದೂಡಿದಳು. ಓಕ್ಸಾನಾ ತನ್ನ ಒಡ್ಡೊಡ್ಡು ಜರ್ಮನಿನಲ್ಲಿ ಹೇಳಿದಳು: "ನನ್ನ ಅಮ್ಮ. ಇವಳ ಅಜ್ಜಿ. ಬರಲಿಲ್ಲ. ಮನೆ ನೋಡಿಕೊಳ್ಳಬೇಕು ಅಂದಳು." ಭಾನುವಾರ ಭಾನುವಾರ ಫೋನಿನಲ್ಲಿ ಸಿಗುತ್ತಾಳಂತೆ, ಕೆಲವು ಭಾನುವಾರ ಸಿಗುವುದಿಲ್ಲವಂತೆ.

ಅಷ್ಟರಲ್ಲಿ ನವರಾತ್ರಿ ಬಂತು. ಮೈಸೂರಿನವಳಿಗೆ ನವರಾತ್ರಿ ಅಂದರೆ ಗೊಂಬೆ ಕೂರಿಸುವುದು. ಮಕ್ಕಳು ಮಾಡಿದ ಮಣ್ಣಿನ ಊರೆಲ್ಲ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಮೆಟ್ಟಿಲು ಕಟ್ಟಿ ಕೂರಿಸಲೇ ಎಂದು ಕೇಳಿದೆ.

"ಇದು ಪೂಜೆಯೇ?" ಎಂದರು ಫ್ರೌ ಲೂಡರ್ಸ್.

"ಮನೆಯಲ್ಲಿ ಪೂಜೆ. ಇಲ್ಲಿ ಬರೀ ಗೊಂಬೆ. ಕಳಶ ಇಡುವುದಿಲ್ಲ, ಆರತಿ ಎತ್ತುವುದಿಲ್ಲ."

"ಹಾಗಾದರೆ ಸರಿ."

ಜಿಮ್ನಾಸ್ಟಿಕ್ಸ್ ಬೆಂಚುಗಳನ್ನು ಒಂದರ ಮೇಲೊಂದು ಜೋಡಿಸಿ ಬಿಳಿ ಬೆಡ್‌ಶೀಟ್ ಹೊದಿಸಿದೆ. ಪಟ್ಟದ ಗೊಂಬೆ ಕೂರುವ ಮೇಲಿನ ಮೆಟ್ಟಿಲನ್ನು ಮಕ್ಕಳು ಮೂರು ದಪ್ಪ ಹೆಂಗಸರಿಗೆ ಕೊಟ್ಟರು. ಕೆಳಗೆ ನಗರಸಭೆ, ಚರ್ಚು, ಟ್ರಾಮು, ಮ್ಯೂಸಿಯಮ್ಮಿನ ಬಾಗಿಲಲ್ಲಿ ಪುಟಾಣಿ ಬೂಟುಗಳ ಸಾಲು. ಅಜ್ಜಿಯನ್ನು ದಾರೀನಾ ತಾನೇ ತಂದು ನಡುವಿನ ಮೆಟ್ಟಿಲ ತುದಿಯಲ್ಲಿ, ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದಳು. ದಿನಾ ಬಂದ ಕೂಡಲೇ ಓಡಿ ಅದನ್ನು ನೋಡುತ್ತಿದ್ದಳು. ಅದು ನಿಂತಿದ್ದರೆ ಒಂದಿಷ್ಟು ಸಮಾಧಾನ. ಆ ಸಮಾಧಾನದಲ್ಲಿ ಓಕ್ಸಾನಾ ಮೂಲೆಯ ಬೇಕರಿ ತನಕ ಹೋಗಿ ಬಂದಳು. ಮಾರನೇ ದಿನ ಟ್ರಾಮ್ ಸ್ಟಾಪಿನ ತನಕ. ಮಗು ಬಿಕ್ಕುತ್ತಿತ್ತು, ಆದರೆ ಅಜ್ಜಿಯ ಪಕ್ಕ ಕೂತಿರುತ್ತಿತ್ತು. ಕೋರ್ಸಿನ ಮೊದಲ ದಿನ ವಿಜಯದಶಮಿಯ ಮಾರನೇ ಬೆಳಿಗ್ಗೆ. ಮೊದಲ ದಿನವೇ ತಪ್ಪಿಸಿದರೆ ಹೆಸರು ಹೊಡೆದುಹಾಕುತ್ತೇವೆ ಅಂತ ಅವಳಿಗೆ ಹೇಳಿದ್ದರು. ರಜೆಗೂ ಇನ್ನು ಒಂದೇ ವಾರ. ನನಗೆ ಧೈರ್ಯ ಬಂದುಬಿಟ್ಟಿತ್ತು. ಹೋಳಿಗೆ ಮಾಡುವಷ್ಟು ಧೈರ್ಯ.

ವಿಜಯದಶಮಿಯ ಸಂಜೆ ಎಲ್ಲರೂ ಹೋದ ಮೇಲೆ ಗೊಂಬೆ ಮಲಗಿಸಲು ನಿಂತೆ. ನಮ್ಮಲ್ಲಿ ಅದು ಕ್ರಮ. ಹಬ್ಬ ಮುಗಿದ ಸಂಜೆ ಗೊಂಬೆಯನ್ನು ಮಲಗಿಸಬೇಕು, ಹಾಗೇ ನಿಂತಿರಲು ಬಿಡಬಾರದು. ಮನೆಯಲ್ಲಾದರೆ ಪಟ್ಟದ ಗೊಂಬೆ ಒಂದನ್ನು ಮಲಗಿಸಿದರೆ ಆಯಿತು. ಇಲ್ಲಿ ಯಾವುದು ಪಟ್ಟದ್ದು? ಒಂದು ಮಗುವಿನದನ್ನು ಮಲಗಿಸಿ ಇನ್ನೊಂದರದನ್ನು ಬಿಟ್ಟರೆ ಪಕ್ಷಪಾತವಾಗುತ್ತದೆ ಅಂತ ಎಲ್ಲವನ್ನೂ ಮಲಗಿಸಿದೆ. ನಗರಸಭೆಯನ್ನು, ಚರ್ಚನ್ನು, ಟ್ರಾಮನ್ನು, ದಪ್ಪ ಹೆಂಗಸರನ್ನು. ಚಳಿಯ ಊರಲ್ಲವೇ ಅಂತ ಬಿಳಿ ಪೇಪರ್ ನ್ಯಾಪ್ಕಿನ್‌ಗಳನ್ನು ಕತ್ತಿನ ತನಕ ಹೊದಿಸಿದೆ. ಅಜ್ಜಿಗೂ ಹೊದಿಸಿದೆ. "ಈ ವರ್ಷ ನಡೆಸಿಕೊಟ್ಟೆ, ಮುಂದಿನ ವರ್ಷವೂ ಬಾ ತಾಯಿ" ಅಂತ ಮನಸ್ಸಿನಲ್ಲೇ ಹೇಳಿ ದೀಪ ಆರಿಸಿ ಮನೆಗೆ ಬಂದೆ. ತುಂಬ ಚೆನ್ನಾಗಿ ಆಯಿತು ಅನ್ನಿಸಿತ್ತು.

ಬೆಳಿಗ್ಗೆ ಗೇಟಿನ ಹತ್ತಿರವೇ ಮಿಲಾ ಓಡಿ ಬಂದಳು.

"ಫ್ರೌ ರಾವ್, ಫ್ರೌ ರಾವ್! ನಮ್ಮ ಊರು ಸತ್ತುಹೋಯ್ತು!"

ಒಳಗೆ ಹೋದೆ. ಮಕ್ಕಳು ಮೆಟ್ಟಿಲುಗಳಿಂದ ದೂರ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ದಾರೀನಾ ತಾಯಿ ಕೂರುತ್ತಿದ್ದ ಪುಟ್ಟ ಬೆಂಚಿನ ಕೆಳಗೆ ಮುದುಡಿ ಕೂತು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಿದ್ದಳು. ಅಳು ಕೂಡ ಇರಲಿಲ್ಲ. ಓಕ್ಸಾನಾ ಕೋರ್ಸಿಗೆಂದು ಬೆನ್ನಿಗೆ ಹೊಸ ಬ್ಯಾಗು ಹಾಕಿಕೊಂಡೇ ನೆಲದ ಮೇಲೆ ಮಂಡಿಯೂರಿದ್ದಳು. ನಾನು ಆಗ ಮೆಟ್ಟಿಲುಗಳ ಕಡೆ ಅವರ ಕಣ್ಣಿನಿಂದ ನೋಡಿದೆ. ಒಂದಿಡೀ ಊರು ನೆಲಕ್ಕೆ ಬಿದ್ದಿದೆ. ಜನ ಸಾಲಾಗಿ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಾರೆ.

ರಾಯರೇ, ನಾನು ಮಾಡಿದ್ದೇನು?

"ಇದು ಯಾರ ಕೆಲಸ?" ಫ್ರೌ ಲೂಡರ್ಸ್ ದನಿ ಎತ್ತಿರಲಿಲ್ಲ.

"ನನ್ನದು. ಮಲಗಿಸಿದೆ. ನಮ್ಮಲ್ಲಿ ಹಬ್ಬ ಮುಗಿದ ಮೇಲೆ ಗೊಂಬೆಗಳಿಗೆ ನಿದ್ದೆ..."

"ನನ್ನ ಅಮ್ಮ" ಎಂದಳು ಓಕ್ಸಾನಾ. "ನೀವು ನನ್ನ ಅಮ್ಮನನ್ನು..." ಮುಂದಿನ ಪದ ಅವಳಿಗೆ ಜರ್ಮನಿನಲ್ಲಿ ಸಿಗಲಿಲ್ಲವೋ, ಹೇಳಲು ಬಾಯಿ ಬರಲಿಲ್ಲವೋ.

ಅಜ್ಜಿಯನ್ನು ಎತ್ತಿ ನಿಲ್ಲಿಸೋಣವೆಂದು ಕೈ ಚಾಚಿದೆ. ಬೆಂಚಿನ ಕೆಳಗಿಂದ ಒಂದು ಸದ್ದು ಬಂತು, ಬೆಕ್ಕಿನ ಮರಿಯ ಬಾಲ ತುಳಿದಂಥ ಸದ್ದು. ಕೈ ಹಿಂದಕ್ಕೆಳೆದೆ. ನಿದ್ದೆ, ನಿದ್ದೆ ಅಂತ ಎಷ್ಟು ಸಲ ಹೇಳಿದರೂ ಕಿವಿ ಮುಚ್ಚಿದ ಮಗುವಿಗೆ ಹೇಗೆ ಕೇಳಬೇಕು? ಗೋಡೆ ಗಡಿಯಾರ ನೋಡಿದೆ. ಓಕ್ಸಾನಾಳ ಟ್ರಾಮಿಗೆ ಹೊತ್ತಾಗುತ್ತಿತ್ತು. ನನಗೆ ಬೇರೇನೂ ತೋಚಲಿಲ್ಲ. ಮೆಟ್ಟಿಲುಗಳ ಮುಂದೆ, ಮಕ್ಕಳು ಕೂರುವ ಚಾಪೆಯ ಮೇಲೆ, ಈ ಮಂಡಿಗಳನ್ನು ಹೇಗೋ ಮಡಚಿ ಮಲಗಿಬಿಟ್ಟೆ. ಒಂದು ನ್ಯಾಪ್ಕಿನ್ ಎಳೆದು ಕತ್ತಿನ ಕೆಳಗೆ ಹಾಕಿಕೊಂಡೆ. ಕಣ್ಣು ಮುಚ್ಚಿ ಗೊರಕೆ ಹೊಡೆದೆ. ನಮ್ಮವರ ಗೊರಕೆ ಇಷ್ಟು ವರ್ಷ ಕೇಳಿದ್ದೇನೆ, ಅದನ್ನೇ ಹೊಡೆದೆ.

ಮಿಲಾ ಕಿಸಕ್ಕೆಂದಳು. ಇನ್ನೊಂದು ಮಗು ನಕ್ಕಿತು. "ಎದ್ದೇಳಿ ಫ್ರೌ ರಾವ್, ಬೆಳಗಾಯ್ತು!" ಎಂದು ಕೂಗಿದವು. ಏಳಲಿಲ್ಲ. ಫ್ರೌ ಲೂಡರ್ಸರ ಶೂ ಸದ್ದು ಹತ್ತಿರ ಬಂದು ನಿಂತಿತು. ಈಗ ಬೈಯುತ್ತಾರೆ ಅಂದುಕೊಂಡೆ. ಅವರು ಸುಮ್ಮನೆ ನಿಂತರು. ಆ ಸುಮ್ಮನೆ ನಿಂತದ್ದಕ್ಕೆ ನಾನು ಇವತ್ತಿಗೂ ಋಣಿ.

ಎಷ್ಟು ಹೊತ್ತೋ ಗೊತ್ತಿಲ್ಲ. ಕಿತ್ತಳೆ ಸಿಪ್ಪೆಯ ವಾಸನೆಯ ಒಂದು ಬೆರಳು ನನ್ನ ಎಡಗಣ್ಣಿನ ರೆಪ್ಪೆಯ ಮೇಲೆ ಬಂತು. ಮೆಲ್ಲಗೆ ರೆಪ್ಪೆಯನ್ನು ಮೇಲಕ್ಕೆತ್ತಿತು. ತಲೆಕೆಳಗಾಗಿ ಒಂದು ಪುಟ್ಟ ಮುಖ ಕಂಡಿತು. ನಾನು ಅವಳನ್ನು ನೋಡಿದೆ. ಅವಳು ಬೆರಳು ತೆಗೆದಳು, ಕಣ್ಣು ಮುಚ್ಚಿತು. ಮತ್ತೆ ಎತ್ತಿದಳು. ಮತ್ತೆ ನೋಡಿದೆ. ಆ ಹೊತ್ತಿಗೆ ಜರ್ಮನ್ ಎಲ್ಲಿ ಹೋಯಿತೋ, "ಎದ್ದೆ ಕಣೇ ಪುಟ್ಟಿ, ಎದ್ದೆ" ಅಂತ ಕನ್ನಡವೇ ಬಾಯಿಗೆ ಬಂತು.

ಅವಳು ನನ್ನನ್ನು ಬಿಟ್ಟು ಮೆಟ್ಟಿಲುಗಳ ಹತ್ತಿರ ಹೋದಳು. ಅಜ್ಜಿಯ ಮೇಲಿನ ನ್ಯಾಪ್ಕಿನ್ ತೆಗೆದು ಮಡಚಿಟ್ಟಳು. ಅಜ್ಜಿಯನ್ನು ಎತ್ತಿ ಮುಖವನ್ನು ಹತ್ತಿರದಿಂದ ನೋಡಿ, ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದಳು. ಆಮೇಲೆ ಪಕ್ಕದ ಟ್ರಾಮು. ಆಮೇಲೆ ಚರ್ಚು. ಮಿಲಾ ಸಹಾಯಕ್ಕೆ ಕೈ ಹಾಕಿದರೆ ಮೊಣಕೈಯಿಂದ ತಳ್ಳಿದಳು. ಒಂದೊಂದನ್ನೇ ಎಬ್ಬಿಸಬೇಕು, ಅವಸರ ಮಾಡಬಾರದು, ಅವಳದ್ದೇ ಒಂದು ಕ್ರಮ. ನಾನು ಎದ್ದು ಕೂತು ಬೆನ್ನು ತಿಕ್ಕಿಕೊಳ್ಳುತ್ತಿದ್ದೆ.

ಫ್ರೌ ಲೂಡರ್ಸ್ ಓಕ್ಸಾನಾಳ ಭುಜ ಮುಟ್ಟಿ ಗಡಿಯಾರ ತೋರಿಸಿದರು. "ಹೋಗಿ. ಈಗಲೇ."

ಓಕ್ಸಾನಾ ಬಾಗಿಲ ತನಕ ಹೋದಳು. ಬಾಗಿಲು ತೆರೆದಳು. ಅಲ್ಲೇ ನಿಂತಳು. ಹೋಗಲಾರಳು, ಬರಲಾರಳು. ಹೊರಗಿಂದ ಅಕ್ಟೋಬರಿನ ಗಾಳಿ ನುಗ್ಗಿ ಮಡಚಿಟ್ಟ ನ್ಯಾಪ್ಕಿನ್‌ಗಳನ್ನು ಹಾರಿಸಿತು. ಆಗಷ್ಟೇ ನಿಲ್ಲಿಸಿದ ಟ್ರಾಮಿನ ಮೇಲೆ ಸಿಕ್ಕಿಸಿದ್ದ ಕಾಗದದ ಬಾವುಟ ಬಿತ್ತು.

ದಾರೀನಾ ತಿರುಗಿ ಕೂಡ ನೋಡಲಿಲ್ಲ. ಬಾವುಟ ಎತ್ತಿಕೊಳ್ಳುತ್ತಾ, ಕೆಲಸದಲ್ಲಿರುವ ದೊಡ್ಡ ಹೆಂಗಸಿನ ಸಿಡುಕಿನಲ್ಲಿ, ಚಳಿ ಶುರುವಾದಂದಿನಿಂದ ನಾವು ಮಕ್ಕಳಿಗೆ ದಿನಕ್ಕೆಷ್ಟೋ ಸಲ ಹೇಳುವ ಮಾತನ್ನು ಅಚ್ಚ ಜರ್ಮನಿನಲ್ಲಿ ಹೇಳಿದಳು:

"ಬಾಗಿಲು ಹಾಕು!"

ಓಕ್ಸಾನಾ ಬಾಗಿಲು ಹಾಕಿದಳು. ಹೊರಗಿನಿಂದ. ಗಾಜಿನಾಚೆ ಅವಳು ಬಾಯಿಗೆ ಕೈ ಒತ್ತಿಕೊಂಡು ಟ್ರಾಮಿನ ಕಡೆ ಓಡಿದ್ದು ಕಂಡಿತು.

ಫ್ರೌ ಲೂಡರ್ಸ್ ನನಗೆ ಕೈ ಕೊಟ್ಟು ಎಬ್ಬಿಸಿದರು. "ಮುಂದಿನ ವರ್ಷ, ಫ್ರೌ ರಾವ್, ಊರು ಯಾವಾಗ ಮಲಗುತ್ತದೆ ಅಂತ ನನಗೆ ಮೊದಲೇ ತಿಳಿಸಿ" ಎಂದರು. ಅಷ್ಟೇ ನನಗಾದ ಶಿಕ್ಷೆ.

ಮಧ್ಯಾಹ್ನದ ತನಕ ನಾನು ಒಂದು ಕಡೆ ಕೂರಲಿಲ್ಲ. ಮಗು ಮತ್ತೆ ಅತ್ತರೆ, ಬಾಗಿಲ ಕಡೆ ನೋಡಿದರೆ ಎಂದು ಹಿಂದೆ ಹಿಂದೆಯೇ ಸುತ್ತಿದೆ. ಅವಳು ಅತ್ತಳು, ಊಟದ ಹೊತ್ತಿಗೆ ಒಂದು ಸಲ. ನನ್ನ ಬಲಗೈ ಅವತ್ತೂ ಮಾತು ಕೇಳಲಿಲ್ಲ. ಫ್ರೌ ಲೂಡರ್ಸ್ ಗಾಜಿನ ಬಾಗಿಲಾಚೆ ಬಂದು ನೋಡಿ, ಏನೂ ನೋಡದವರ ಹಾಗೆ ಹೋದರು. ಓಕ್ಸಾನಾ ಓಡುತ್ತಾ ಬಂದಾಗ ಮಗಳು ಚಾಪೆಯ ಮೇಲೆ, ಮೊದಲ ಸಲ ತಾಯಿಯಿಲ್ಲದೆ, ನಿದ್ದೆ ಮಾಡುತ್ತಿದ್ದಳು. ಜಾಗ ಉಳಿಯಿತು. ಕೋರ್ಸ್ ಉಳಿಯಿತು. ಈಗ ಓಕ್ಸಾನಾ ಒಂದು ಔಷಧಿ ಅಂಗಡಿಯಲ್ಲಿ ಸಹಾಯಕಿ, ನನ್ನ ಮಂಡಿನೋವಿನ ಮುಲಾಮನ್ನು ಅವಳೇ ಆರಿಸಿ ಕೊಡುತ್ತಾಳೆ. ಅಜ್ಜಿ ಇನ್ನೂ ಅಲ್ಲೇ ಇದ್ದಾಳೆ, ಭಾನುವಾರ ಸಿಗುತ್ತಾಳೆ, ಕೆಲವು ಭಾನುವಾರ ಸಿಗುವುದಿಲ್ಲ. ಅದಕ್ಕೆ ನನ್ನ ಹತ್ತಿರ ಪ್ರಾರ್ಥನೆ ಬಿಟ್ಟರೆ ಬೇರೆ ಏನೂ ಇಲ್ಲ.

ನಾನು ನಿವೃತ್ತಳಾಗಿಯೂ ಆಯಿತು. ಗುರುವಾರ ಬೆಳಿಗ್ಗೆ ಈಗಲೂ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ, ಟ್ರಾಮ್ ಸ್ಟಾಪಿನ ತನಕ ಹೋಗಿ ತರಕಾರಿಯ ನೆಪ ಮಾಡಿ ಬರುತ್ತೇನೆ. ಮೇಘನಾ, ನಿನ್ನ ಗುಂಪು ಆ ಹೊತ್ತಿಗೆ ಬಂದರೆ ನನ್ನನ್ನು ಮಾತಾಡಿಸು.

ನವರಾತ್ರಿಗೆ ನಮ್ಮ ಮನೆಯಲ್ಲೇ ಗೊಂಬೆ ಕೂರಿಸುತ್ತೇವೆ. ದಶಮಿಯ ಸಂಜೆ ನಾನು ಮಲಗಿಸುತ್ತೇನೆ. ಮಾರನೇ ಬೆಳಿಗ್ಗೆ ದಾರೀನಾ ಸ್ಕೂಲಿಗೆ ಹೋಗುವ ಮುಂಚೆ ಬಂದು ಎಲ್ಲವನ್ನೂ ಎಬ್ಬಿಸಿ ಹೋಗುತ್ತಾಳೆ. ಆಮೇಲೆಯೇ ಪೆಟ್ಟಿಗೆಗೆ ಹಾಕುವುದು. ಹೋದ ವರ್ಷ ಮೈಸೂರಿನಿಂದ ನಮ್ಮ ಓರಗಿತ್ತಿ ಅಕ್ಕ ವಿಡಿಯೋ ಕಾಲಿನಲ್ಲಿ ಇದನ್ನು ನೋಡಿಬಿಟ್ಟರು.

"ಇದ್ಯಾವ ಶಾಸ್ತ್ರನೇ? ಮಲಗಿಸೋದು ಗೊತ್ತು, ಎಬ್ಬಿಸೋದು ಎಲ್ಲಿದೆ?"

"ಇಲ್ಲಿದೆ ಅಕ್ಕ, ಹ್ಯಾನೋವರಲ್ಲಿ."

"ಎಬ್ಬಿಸಿ ಏನ್ಮಾಡ್ತೀರಿ, ಮತ್ತೆ ಪೆಟ್ಟಿಗೆಲಿ ತುಂಬೋದೇ ತಾನೆ?"

ನಾನು ಜರ್ಮನಿನಲ್ಲಿ ದಾರೀನಾಳನ್ನು ಕೇಳಿದೆ. ಅವಳು ಪಟ್ಟದ ರಾಣಿಯ ಕಣ್ಣನ್ನು ಹತ್ತಿರದಿಂದ ನೋಡುತ್ತಿದ್ದಳು. ನೋಡುತ್ತಲೇ ಹೇಳಿದಳು:

"ಎಲ್ಲರೂ ಇದಾರಾ ಅಂತ ನೋಡ್ಬೇಕಲ್ವಾ, ಅದಕ್ಕೆ."